ಕಣ್ಣೊಳಗೆ ಗ್ಯಾಸ್, ಎದುರಿಗೆ ಘಟ್ಟ: ರೆಟಿನಾ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 58. ನಾಲ್ಕು ದಿನದಿಂದ ಬಲಗಣ್ಣಿನ ಮುಂದೆ ಜೇಡರ ಬಲೆಯಂಥದ್ದು ತೇಲುತ್ತಿದೆ. ರಾತ್ರಿ ದೀಪ ಆರಿಸಿದರೆ ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾಗುತ್ತದೆ. ನೋವಿಲ್ಲ, ಪೇಪರ್ ಓದಲಿಕ್ಕೂ ಬರುತ್ತದೆ. ದೀಪಾವಳಿ ಮುಗಿಸಿಕೊಂಡು ತೋರಿಸಿದರೆ ನಡೆದೀತೇ? – ಓದುಗರೊಬ್ಬರು, ಅಂಕೋಲಾ

ಉತ್ತರ: ನಡೆಯದು. ಇವತ್ತು, ತಪ್ಪಿದರೆ ನಾಳೆ ತೋರಿಸಿ. ನೋವಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ, ರೆಟಿನಾ, ಅಂದರೆ ಕಣ್ಣೊಳಗೆ ಹಿಂದುಗಡೆ ಬಿಂಬ ಬೀಳುವ ತೆಳು ಪದರ, ಹರಿದರೂ ನೋಯುವುದಿಲ್ಲ.

ಕಣ್ಣುಗುಡ್ಡೆಯೊಳಗೆ ತುಂಬಿರುವ ವಿಟ್ರಿಯಸ್ ಎಂದರೆ ಬೊಂಡದ ಎಳೆ ಗಂಜಿಯಂಥ ಲೋಳೆ. ಐವತ್ತು ದಾಟಿದ ಮೇಲೆ ಅದು ನೀರಾಗಿ ಕುಗ್ಗುತ್ತಾ ಹಿಂದಿನ ರೆಟಿನಾದಿಂದ ಕಳಚಿಕೊಳ್ಳುತ್ತದೆ. ಕಳಚುವಾಗ ಜಗ್ಗಿದ್ದು ನಿಮಗೆ ಮಿಂಚಾಗಿ ಕಾಣುತ್ತದೆ. ತೇಲುವ ಬಲೆ ಆ ಲೋಳೆಯ ಎಳೆಗಳ ನೆರಳು. ಹೆಚ್ಚಿನವರಿಗೆ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಹೀಗೆ ಹೊಸದಾಗಿ ಲಕ್ಷಣ ಕಂಡ ಸುಮಾರು 10 ಜನರಲ್ಲಿ ಒಬ್ಬರಿಗೆ, ಲೋಳೆ ಗಟ್ಟಿಯಾಗಿ ಅಂಟಿಕೊಂಡಿದ್ದ ಕಡೆ ರೆಟಿನಾವೇ ಹರಿಯುತ್ತದೆ. ಆ ಕಂಡಿಯಿಂದ ನೀರು ಹಿಂದಕ್ಕಿಳಿದರೆ, ಮಳೆಗಾಲದಲ್ಲಿ ಗೋಡೆಯ ಗಿಲಾವು ಉಬ್ಬಿ ಬಿಡುವಂತೆ ರೆಟಿನಾ ಜಾಗ ಬಿಟ್ಟು ಏಳುತ್ತದೆ. ದೊಡ್ಡ ಮೈನಸ್ ನಂಬರಿನ ಕನ್ನಡಕದವರು, ಪೊರೆ ಆಪರೇಶನ್ ಆದವರು, ಕಣ್ಣಿಗೆ ಪೆಟ್ಟು ತಿಂದವರು ಇನ್ನೂ ಎಚ್ಚರವಾಗಿರಬೇಕು.

ಕನ್ನಡಕದ ನಂಬರ್ ನೋಡಿ ಕಳಿಸಿದರೆ ಸಾಲದು. ಪಾಪೆ ಹಿಗ್ಗಿಸುವ ಹನಿ ಹಾಕಿಸಿ, ರೆಟಿನಾದ ಅಂಚಿನವರೆಗೂ ನೋಡಿಸಿಕೊಳ್ಳಿ. ಪಾಪೆ ಹಿಗ್ಗಲು ಅರ್ಧ ಗಂಟೆ ಬೇಕು. ವೈದ್ಯರು ತಲೆಗೆ ದೀಪ ಕಟ್ಟಿಕೊಂಡು, ರೆಪ್ಪೆಯ ಮೇಲಿಂದ ಸ್ವಲ್ಪ ಒತ್ತಿ ನೋಡುತ್ತಾರೆ. ಆಮೇಲೆ ನಾಲ್ಕಾರು ಗಂಟೆ ಎಲ್ಲ ಮಸುಕು, ಹಾಗಾಗಿ ಸ್ಕೂಟರ್ ಮನೆಯಲ್ಲೇ ಬಿಟ್ಟು ಹೋಗಿ. ಹರಿದಿದ್ದು ಕಂಡರೆ ಸುತ್ತ ಎರಡು ಮೂರು ಸಾಲು ಲೇಸರ್ ಕೊಡುತ್ತಾರೆ. ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟೆ ಹಾಕಿದ ಹಾಗೆ. ಆ ಕಟ್ಟೆ ಗಟ್ಟಿಯಾಗಲು 10ರಿಂದ 14 ದಿನ ಬೇಕು. ಹರಿದಿಲ್ಲ ಎಂದಾದರೂ 4ರಿಂದ 6 ವಾರದೊಳಗೆ ಇನ್ನೊಮ್ಮೆ ತೋರಿಸಬೇಕು, ತಡವಾಗಿ ಹರಿಯುವುದೂ ಉಂಟು.

ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಒಂದು ಮಗ್ಗುಲಿಂದ ಪರದೆ ಎಳೆದಂತಾದರೆ, ಮಸಿ ಉದುರಿದಂತೆ ಒಮ್ಮೆಲೇ ಕಪ್ಪು ಚುಕ್ಕೆ ಕಂಡರೆ, ಅದೇ ದಿನ ರೆಟಿನಾ ಆಪರೇಶನ್ ಮಾಡುವ ಆಸ್ಪತ್ರೆಗೆ ಹೊರಡಿ. ನಟ್ಟನಡುವಿನ ಭಾಗ ಕಳಚುವ ಮೊದಲು ಆಪರೇಶನ್ ಆದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಕಳಚಿದ ಮೇಲೆ ರೆಟಿನಾ ಅಂಟಿದರೂ ದೃಷ್ಟಿ ಪೂರ್ತಿ ಬರುವುದು ಕಷ್ಟ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮನೆಯವರಿಗೆ ರೆಟಿನಾ ಆಪರೇಶನ್ ಆಗಿ ಕಣ್ಣಿಗೆ ಗ್ಯಾಸ್ ತುಂಬಿದ್ದಾರೆ. ಈಗ ಕುಮಟಾದಲ್ಲಿ ತಂಗಿಯ ಮನೆಯಲ್ಲಿದ್ದೇವೆ. ಊರಲ್ಲಿ ಅಡಿಕೆ ಕೊನೆಕೊಯ್ಲು ಶುರುವಾಗಿದೆ. ವಿಮಾನ ಹತ್ತಬೇಡಿ ಅಂದಿದ್ದಾರೆ, ಕಾರಲ್ಲಿ ಹೋಗಬಹುದಲ್ಲ? – ಗೃಹಿಣಿ, ಶಿರಸಿ

ಉತ್ತರ: ಆಪರೇಶನ್ ಮಾಡಿದ ವೈದ್ಯರು ಹೂಂ ಅನ್ನುವ ತನಕ ದೇವಿಮನೆ ಘಟ್ಟ ಹತ್ತಬೇಡಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ. 7ರಷ್ಟು ಕಡಿಮೆ. ಹೊರಗೆ ಒತ್ತಡ ಇಳಿದಷ್ಟೂ ಗ್ಯಾಸ್ ಹಿಗ್ಗುತ್ತದೆ, ಕಣ್ಣುಗುಡ್ಡೆ ಹಿಗ್ಗುವುದಿಲ್ಲ, ಹಾಗಾಗಿ ಕಣ್ಣೊಳಗೆ ಒತ್ತಡ ಏರುತ್ತದೆ. ಗ್ಯಾಸ್ ಕಣ್ತುಂಬ ಇದ್ದಾಗ ಈ ಒತ್ತಡ ಕಣ್ಣಿನ ರಕ್ತಸಂಚಾರಕ್ಕೇ ಅಡ್ಡಿಯಾಗಬಹುದು. ದಾರಿಯಲ್ಲಿ ಕಣ್ಣು ಸಿಡಿಯುವಂತೆ ನೋವಾಗಿ ದೃಷ್ಟಿ ಮಂಕಾದರೆ, ವಾಂತಿ ಬಂದರೆ, ಅಲ್ಲಿಂದಲೇ ಗಾಡಿ ತಿರುಗಿಸಿ ಕೆಳಗಿಳಿದು ವೈದ್ಯರಿಗೆ ಫೋನ್ ಮಾಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ಗ್ಯಾಸಿನ ಹೆಸರಿರುತ್ತದೆ. ಎಸ್‌ಎಫ್6 ಆದರೆ ಎರಡು ವಾರದ ಆಸುಪಾಸು, ಸಿ3ಎಫ್8 ಆದರೆ ಎರಡು ತಿಂಗಳವರೆಗೂ ಉಳಿಯುತ್ತದೆ. ಕರಗುತ್ತಿರುವುದು ಅವರಿಗೇ ತಿಳಿಯುತ್ತದೆ: ಬಡಗಿಯ ರಸಮಟ್ಟದ ಹಾಗೆ ಅಲುಗಾಡುವ ಒಂದು ಗೆರೆ ದಿನದಿನಕ್ಕೆ ಕೆಳಗಿಳಿಯುತ್ತದೆ, ಮೇಲೆ ಸ್ಪಷ್ಟ, ಕೆಳಗೆ ಗುಳ್ಳೆ. ನಿಜವಾಗಿ ಗುಳ್ಳೆ ಕಣ್ಣೊಳಗೆ ಮೇಲ್ಗಡೆಯೇ ಇರುತ್ತದೆ. ರೆಟಿನಾದ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಕೆಳಗೆ ಕಾಣುತ್ತದೆ, ಅಷ್ಟೇ. ಗ್ಯಾಸ್ ಇರುವಾಗ ನೈಟ್ರಸ್ ಆಕ್ಸೈಡ್ ಅರಿವಳಿಕೆಯೂ ಕೂಡದು, ಬೇರೆ ಯಾವ ಚಿಕಿತ್ಸೆಗೆ ಹೋದರೂ ಮೊದಲೇ ಹೇಳಿ. ಬೋರಲು ಮಲಗಿ ಅಂದಿದ್ದರೆ ಅಷ್ಟು ದಿನ ಬೋರಲೇ. ಗುಳ್ಳೆ ಹರಿದ ಜಾಗವನ್ನು ಒತ್ತಿ ಹಿಡಿಯುವುದು ಆ ಭಂಗಿಯಲ್ಲಿ ಮಾತ್ರ.

ಗ್ಯಾಸಿನ ಬದಲು ಸಿಲಿಕೋನ್ ಎಣ್ಣೆ ಹಾಕಿಸಿಕೊಂಡವರಿಗೆ ಘಟ್ಟದ ತಕರಾರಿಲ್ಲ. ಆದರೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಅದನ್ನು ತೆಗೆಸಬೇಕು, ಕಣ್ಣು ಕಾಣುತ್ತಿದೆಯಲ್ಲ ಎಂದು ಮರೆತು ಕೂರಬೇಡಿ.

ಪ್ರಶ್ನೆ: 12 ವರ್ಷದಿಂದ ಸಕ್ಕರೆ ಕಾಯಿಲೆ. ದೃಷ್ಟಿ ಚೆನ್ನಾಗಿದೆ. ಆದರೂ ಕಣ್ಣು ತೋರಿಸಬೇಕೇ? – ಓದುಗರು, ಕಾರವಾರ

ಉತ್ತರ: ಟೈಪ್ 2 ಆದರೆ ಸಕ್ಕರೆ ಪತ್ತೆಯಾದಾಗಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಬೇಕಿತ್ತು. ರೆಟಿನಾದ ಸಣ್ಣ ರಕ್ತನಾಳಗಳು ಸೋರಲು ಶುರುವಾಗಿ ಬಹುಕಾಲ ದೃಷ್ಟಿಯಲ್ಲಿ ವ್ಯತ್ಯಾಸವೇ ಕಾಣದಿರಬಹುದು. ನಡುಭಾಗದಲ್ಲಿ ಊತವಿದ್ದರೆ, ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಆಗ ಕಣ್ಣಿನ ಬಿಳಿಭಾಗದ ಮೂಲಕ, ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ದೂರದಲ್ಲಿ, ಬರೀ 0.05 ಮಿಲಿಲೀಟರ್ ಔಷಧದ ಇಂಜೆಕ್ಷನ್ ಕೊಡುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ಮರಗಟ್ಟಿಸಿ ಕೊಡುವುದರಿಂದ ನೋವು ಅಲ್ಪ. ಕೆಲಸ ಕೆಡುವುದು ಎರಡನೆಯದಕ್ಕೆ ಹೋಗದಿರುವುದರಿಂದ. ಮೊದಲ ಕೆಲವು ತಿಂಗಳು ಪ್ರತಿ ತಿಂಗಳೂ ಬೇಕು, ಒಂದಕ್ಕೇ ಬಿಟ್ಟರೆ ಊತ ಮರಳುತ್ತದೆ. ಇಂಜೆಕ್ಷನ್ ಆದ ಒಂದು ವಾರದೊಳಗೆ ಕಣ್ಣು ಕೆಂಪಾಗಿ, ನೋವು ಹೆಚ್ಚುತ್ತಾ ಮಂಜಾದರೆ ಕೆಂಗಣ್ಣು ಬೇನೆ ಎಂದು ಅಂಗಡಿಯ ಹನಿ ಬಿಡಬೇಡಿ. ಅದು ಒಳಗಿನ ಸೋಂಕಿರಬಹುದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತೇಲುವ ಚುಕ್ಕೆ ಕರಗಿಸಲು ನಂದಿಬಟ್ಟಲು ಹೂವಿನ ರಸ ಬಿಡಬಹುದೇ? – ಹೊನ್ನಾವರ

ಉತ್ತರ: ಬೇಡ. ಚುಕ್ಕೆ ಇರುವುದು ಕಣ್ಣಿನ ಒಳಗಿನ ಲೋಳೆಯಲ್ಲಿ, ರಸ ಬೀಳುವುದು ಹೊರಗೆ. ಶುದ್ಧವಲ್ಲದ ರಸದಿಂದ ಕರಿಗುಡ್ಡೆಗೆ ಹುಣ್ಣಾದೀತು. ರೆಟಿನಾ ಸರಿಯಿದೆ ಎಂದು ವೈದ್ಯರು ನೋಡಿ ಹೇಳಿದ್ದರೆ ಸುಮ್ಮನೆ ಬಿಡಿ. ಕೆಲವು ತಿಂಗಳಲ್ಲಿ ಚುಕ್ಕೆ ಕೆಳಗೆ ಸರಿಯುತ್ತದೆ, ಕಣ್ಣಿಗೂ ರೂಢಿಯಾಗುತ್ತದೆ.