ಕೇಳಿ, ಹೇಳುತ್ತೇವೆ: ಮಸಿಚಿತ್ರ ಮತ್ತು ಮಲೆನಾಡ ಮಳೆ

ಪ್ರ: ಚೀನಾದ ಜಾಂಗ್ ದಾಚಿಯನ್ ಅವರಂತೆ ಶುವಾನ್ ಕಾಗದದ ಮೇಲೆ ಮಸಿ ಸುರಿದು ಅಮೂರ್ತ ಚಿತ್ರ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಮಳೆ ಹಿಡಿದ ಮೇಲೆ ಎಲ್ಲವೂ ಕಲಸಿಹೋಗಿ ಒಂದೇ ಬೂದು. ಕಾಗದ ಕೆಟ್ಟಿದೆಯೇ?
– ಓದುಗರು, ಚಿಕ್ಕಮಗಳೂರು

ಉ: ಕೆಟ್ಟಿಲ್ಲ, ತೇವ ಕುಡಿದಿದೆ. ಅಂಗಡಿಯವರು ರೈಸ್ ಪೇಪರ್ ಎಂದರೂ ಇದರಲ್ಲಿ ಅಕ್ಕಿಯಿಲ್ಲ. ಚಿಂಗ್‌ತಾನ್ ಮರದ ತೊಗಟೆ ನಾರು, ಭತ್ತದ ಹುಲ್ಲು ಸೇರಿಸಿ ಮಾಡಿದ್ದು. ಕಚ್ಚಾ ಶುವಾನ್‌ಗೆ ಅಂಟಿನ ಲೇಪವಿಲ್ಲ. ಜುಲೈ ತಿಂಗಳ ಥಂಡಿಗೆ ಮೊದಲ ಪದರ ಆರುವುದೇ ಇಲ್ಲ, ಅದರ ಮೇಲೆ ಎರಡನೆಯದು ಬಿದ್ದರೆ ಅಂಚು ಎಲ್ಲಿ ಉಳಿದೀತು?

ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಕಾಗದದ ಕೆಳಗೆ ಹಾಸುವ ಕಂಬಳಿ ಹಿಂದಿನ ಚಿತ್ರದಿಂದ ಒದ್ದೆಯಾಗಿದ್ದರೆ ಬದಲಿಸಿ. ಬಹಳ ಜನ ಇದನ್ನೇ ಮರೆಯುವುದು. 10 ಮಿ.ಲೀ. ನೀರಿಗೆ ಮಸಿಕಡ್ಡಿಯನ್ನು ಕಾಲು ಗಂಟೆ ನಿಧಾನವಾಗಿ ತೇಯಿರಿ. ನಿನ್ನೆ ತೇಯ್ದಿಟ್ಟದ್ದು ಬೇಡ. ಅದರೊಳಗಿನ ಅಂಟು ಹಳಸಿ, ಕಾಡಿಗೆಯ ಕಣಗಳು ಬೇರೆಯಾಗಿ, ಬಣ್ಣ ಮಂಕಾಗುತ್ತದೆ. ಪದರದಿಂದ ಪದರಕ್ಕೆ ಹೇರ್ ಡ್ರೈಯರ್ ಅನ್ನು ಒಂದು ಅಡಿ ದೂರದಿಂದ ಹಿಡಿಯಿರಿ.

ಆಗಲೂ ಹರಡಿದರೆ ತೆಳುವಾಗಿ ಲೇಪ ಕೊಡಬಹುದು. 1 ಲೀಟರ್ ನೀರಿಗೆ 10 ಗ್ರಾಂ ಜೆಲಾಟಿನ್, 3 ಗ್ರಾಂ ಪಟಿಕ. ಜೆಲಾಟಿನ್ ಅನ್ನು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಕುದಿಯಲು ಬಿಡದೆ ಬಿಸಿ ಮಾಡಿ ಕರಗಿಸಿ. ಪಟಿಕವನ್ನು ಬೇರೆ ಬಿಸಿನೀರಲ್ಲಿ ಕರಗಿಸಿ ಆಮೇಲೆ ಬೆರೆಸಿ. ಚಪ್ಪಟೆ ಕುಂಚದಿಂದ ಒಂದೇ ಸಲ ಬಳಿದು ನೇತುಹಾಕಿ. ಪಟಿಕದ ಕೈ ಮುಂದಾದರೆ ಅದರ ಆಮ್ಲಕ್ಕೆ ಕಾಗದ ವರ್ಷಗಳು ಕಳೆದಂತೆ ಹಳದಿಯಾಗಿ ಮುರುಕಲಾಗುತ್ತದೆ. ಜಡಿಮಳೆಯ ವಾರದಲ್ಲಂತೂ ಈ ಕೆಲಸಕ್ಕೆ ಕೈಹಾಕಬೇಡಿ, ಬೂಸ್ಟು ಹಿಡಿಯುತ್ತದೆ.

ಇನ್ನೊಂದು ಮಾತು. ಜಾಂಗ್ ಬರೀ ಸುರಿದು ಕೈತೊಳೆದುಕೊಂಡವರಲ್ಲ. ಹರಡಿದ ಮಸಿಯ ಪಕ್ಕ ಸಣ್ಣ ಕುಂಚದಲ್ಲಿ ಎರಡು ಮರ, ಒಂದು ಮನೆ ಬರೆದು ಇಡೀ ಮಸಿಕಲೆಯನ್ನು ಬೆಟ್ಟವಾಗಿಸಿಬಿಡುತ್ತಿದ್ದರು.

ಪ್ರ: ತೈವಾನಿನ ಲಿಯು ಗುವೊಸೊಂಗ್ ಚಿತ್ರಗಳಲ್ಲಿನ ಬಿಳಿ ಗೆರೆಗಳು ಮೇಣದವೋ, ಬಣ್ಣದವೋ?
– ಓದುಗರು, ಸಕಲೇಶಪುರ

ಉ: ಎರಡೂ ಅಲ್ಲ. 1932ರಲ್ಲಿ ಹುಟ್ಟಿದ ಲಿಯು, 1960ರ ದಶಕದಲ್ಲಿ ಮೇಲ್ಮೈಯಲ್ಲಿ ಒರಟು ನಾರುಗಳಿರುವ ಕಾಗದವನ್ನು ಹೇಳಿ ಮಾಡಿಸಿಕೊಂಡರು. ಮಸಿ ಬಳಿದು ನಾರು ಕಿತ್ತರೆ ಅದು ಮುಚ್ಚಿದ್ದ ಜಾಗ ಬಿಳಿಯಾಗಿ ಉಳಿಯುತ್ತದೆ. ಕುಂಚ ಹಾಕಲಾಗದ ಗೆರೆ ಅದು.

ಮನೆಯಲ್ಲಿ ಬಾಳೆನಾರಿನಿಂದ ನೋಡಬಹುದು. ಮೇಲೆ ಹೇಳಿದ ಲೇಪದ ಕಾಗದಕ್ಕೆ ತೆಳು ಮೈದಾ ಗಂಜಿಯಿಂದ ಎಳೆಗಳನ್ನು ಅಂಟಿಸಿ ಒಣಗಿಸಿ. ಕುಂಚವನ್ನು ಬಟ್ಟೆಗೊತ್ತಿ ನೀರು ತೆಗೆದು ಮಸಿ ಬಳಿಯಿರಿ. ಮಸಿಯ ಹೊಳಪು ಹೋಗಿ ಕಾಗದ ಇನ್ನೂ ತಣ್ಣಗಿರುವಾಗ ಎಳೆಯನ್ನು ಕಾಗದಕ್ಕೆ ತಾಗಿದಂತೆ ಅಡ್ಡಲಾಗಿ ಎಳೆಯಿರಿ. ಬೇಗ ಕಿತ್ತರೆ ಮಸಿ ಒಳನುಗ್ಗುತ್ತದೆ, ತಡವಾದರೆ ಕಾಗದವೇ ಎದ್ದುಬರುತ್ತದೆ. ಲಿಯು ಅವರಷ್ಟು ಚೂಪು ಗೆರೆ ನಿರೀಕ್ಷಿಸಬೇಡಿ.

ಪ್ರ: ಬಾಟಲಿಯ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಸಾಲದೇ?
– ಓದುಗರು, ಹಾಸನ

ಉ: ಸಾಲದು. ಅಂಥ ಇಂಕುಗಳಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ. ಕುಂಚದ ಬುಡದಲ್ಲಿ ಒಣಗಿದರೆ ಕುಂಚ ಹೋಯಿತು ಎಂದೇ ಲೆಕ್ಕ.