ಸಂಬಳ ಜಾಸ್ತಿ ಆಯ್ತು, ಡ್ಯೂಟಿಗೆ ಹೋಗೋಕೆ ಮಾತ್ರ ಮನಸ್ಸಿಲ್ಲ

ಮುಂಬೈ ಹತ್ರದ ಡೊಂಬಿವ್ಲಿಯಲ್ಲಿ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋ ನಮ್ಮ ಕನ್ನಡದ ನರ್ಸ್‌ಗಳಿಂದ ಇದೇ ಮಾತು ಮತ್ತೆ ಮತ್ತೆ ಕೇಳ್ತಿದೀನಿ, ಅದಕ್ಕೇ ಬರೀತಿದೀನಿ. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ಅವರಲ್ಲಿ ಒಬ್ರು ವಿಜಯಪುರದ ಕಡೆಯವರು, ಹೆಚ್ಚು ಸಂಬಳ ಅಂತ ಹಳೇ ಆಸ್ಪತ್ರೆ ಬಿಟ್ಟು ಬೇರೆ ಕಡೆ ಸೇರಿ ಎಂಟು ತಿಂಗಳು. ನಿದ್ದೆ ಇಲ್ಲ, ಲೋಕಲ್ ಟ್ರೈನ್ ಹತ್ತುವಾಗ್ಲೇ ಅಳು ಬರುತ್ತೆ ಅಂದ್ರು.

ಎರಡು ಸೆಷನ್ ಪೂರ್ತಿ ನೈಟ್ ಡ್ಯೂಟಿ, ಇನ್‌ಚಾರ್ಜ್ ಸಿಸ್ಟರ್ ಬೈಗುಳ ಇದರಲ್ಲೇ ಹೋಯ್ತು. ಮೂರನೇ ಸಲ ಕೇಳ್ದೆ, "ಡ್ಯೂಟಿ ಮುಗಿಸಿ ಖುಷಿಯಾಗಿ ಮನೆಗೆ ಹೋಗಿದ್ದು ಯಾವಾಗಮ್ಮಾ?"

ತುಂಬಾ ಹೊತ್ತು ಸುಮ್ನಿದ್ರು. "ಹಳೇ ದವಾಖಾನ್ಯಾಗ್ರೀ ಮೇಡಂ. ಆಪರೇಷನ್ ಆಗಿದ್ದ ಅಜ್ಜ ಒಬ್ರು, ನಡುರಾತ್ರಿ ಒದ್ದಾಡಾಕತ್ತಿದ್ರು. ಯೂರಿನ್ ಬ್ಯಾಗ್ ನೋಡಿದ್ರ ಖಾಲಿ. ಪೈಪ್ ಮಡಚಿ ಅವರ ತೊಡಿ ಕೆಳಗ ಸಿಕ್ಕಿತ್ತು, ಬಿಡಿಸಿದೆ. 'ಆತಾ ಬರಂ ವಾಟ್ಲಂ ಬಾಳಾ', ಈಗ ಆರಾಮ ಅನಿಸ್ತು ಮಗಾ, ಅಂತ ಮರಾಠಿಯಾಗ ಅಂದು ಕೈ ಹಿಡ್ಕೊಂಡ್ರು. ಈಗ ನನ್ನ ಕೈಯಾಗ ಹದಿನಾರು ಪೇಷಂಟ್. ಬ್ಯಾಗ್ ನೋಡಾಕ ಟೈಮ್ ಇಲ್ಲ, ನೋಡೀನಿ ಅಂತ ಚಾರ್ಟಿನ್ಯಾಗ ಬರೀತೀನ್ರೀ."

ಆ ರಾತ್ರಿ ನನಗೂ ನಿದ್ದೆ ಬರ್ಲಿಲ್ಲ.

ನಾನು ಕೇಳಿದ ಪ್ರಶ್ನೆ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಅವರದ್ದು. ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳನ್ನ ಹೀಗೇ ಕೇಳಿ, ಸಂಬಳ, ಮೇಲಿನವರ ವರ್ತನೆ, ಕೆಲಸದ ಜಾಗ ಇವು ಸರಿ ಇದ್ರೆ ಅತೃಪ್ತಿ ತಗ್ಗುತ್ತೆ ಅಷ್ಟೇ, ತೃಪ್ತಿ ಬರೋದು ಕೆಲಸದಿಂದ, ಸಾಧನೆಯಿಂದ, ಮನ್ನಣೆಯಿಂದ ಅಂತ 1959ರಲ್ಲಿ ಹೇಳಿದ್ರು. ಇದನ್ನ ಹಿಡ್ಕೊಂಡು ಕೆಲವು ಮ್ಯಾನೇಜ್‌ಮೆಂಟ್‌ನವರು ಮೇ 12ಕ್ಕೆ, ನರ್ಸ್‌ಗಳ ದಿನ ಅಂತ, ಒಂದು ಗುಲಾಬಿ ಕೊಟ್ಟು ಇದು ಸೇವೆ ಅಂದುಬಿಡ್ತಾರೆ, ನನಗೆ ಅದು ಸುತಾರಾಂ ಒಪ್ಪಿಗೆ ಇಲ್ಲ. ಸಂಬಳ ನ್ಯಾಯದ ಮಾತು, ಸುಪ್ರೀಂ ಕೋರ್ಟ್ ಹೇಳಿ 2016ರಲ್ಲಿ ಆದ ಸಮಿತಿ 50 ಬೆಡ್‌ಗಿಂತ ಸಣ್ಣ ಖಾಸಗಿ ಆಸ್ಪತ್ರೇಲೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಇರಬಾರದು ಅಂತ ಶಿಫಾರಸು ಮಾಡಿತ್ತು. ಇನ್ನೊಂದು, ಅಕೌಂಟೆಂಟ್ ಲೆಕ್ಕ ನಾಳೆ ಮುಗಿಸಬಹುದು, ನರ್ಸ್‌ಗೆ ಆ ನಾಳೆ ಇಲ್ಲ. ವಾರ್ಡಲ್ಲಿ ಜನ ಕಡಿಮೆ ಆದ್ರೆ ಬರೀ ಸುಸ್ತಲ್ಲ, ತೃಪ್ತಿ ಕೊಡೋ ಕೆಲಸವನ್ನೇ ಕೈಯಿಂದ ಕಿತ್ಕೊಂಡ ಹಾಗೆ.

ಅದಕ್ಕೇ ನಾನು ಧ್ಯಾನ, ಪ್ರಾಣಾಯಾಮ ಅಂತ ಹೇಳಿ ಕಳಿಸಲಿಲ್ಲ. ಮೊದಲು, ನೋಡದೇ ಇದ್ದದ್ದನ್ನ ನೋಡಿದೆ ಅಂತ ಇವತ್ತಿಂದ ಬರೀಬೇಡಿ ಅಂದೆ, ಪೇಷಂಟ್‌ಗೂ ಅಪಾಯ, ನಾಳೆ ಏನಾದ್ರೂ ಆದ್ರೆ ಸಿಕ್ಕಿಹಾಕ್ಕೊಳ್ಳೋದು ನೀವೇ. ಎರಡು ವಾರ ಪ್ರತಿ ನೈಟ್ ಎಷ್ಟು ಪೇಷಂಟ್, ಎಷ್ಟು ನರ್ಸ್, ಯಾವ ಕೆಲಸ ಉಳೀತು ಬರೆದಿಟ್ಟು ಮೇಟ್ರನ್‌ಗೆ ಪತ್ರ ಕೊಡಿ, ಪೇಷಂಟ್ ಹೆಸರು ಬೇಡ. ರಾಜೀನಾಮೆ ಆಮೇಲೆ. ನನ್ನ ಜೊತೆ ಕೆಲಸ ಮಾಡೋರೊಬ್ರು "ಸುಮ್ನೆ ಬಿಟ್ಟುಬಿಡು ಅನ್ನಬೇಕಿತ್ತು, ಅವಳನ್ನ ಯಾಕೆ ಜಗಳಕ್ಕೆ ಇಳಿಸಿದೆ" ಅಂದ್ರು. ಇರಬಹುದು. ಆದ್ರೆ ನಾನೇ ಕೆಟ್ಟ ನರ್ಸ್ ಅನ್ನೋ ಭಾವನೆ ಹೊತ್ಕೊಂಡು ಬಿಟ್ರೆ ಮುಂದಿನ ಆಸ್ಪತ್ರೆಗೂ ಅದೇ ಹೋಗುತ್ತೆ, ಗಲ್ಫ್‌ಗೆ ಹೋದ್ರೂ.

ಮುಂದಿನ ಸಲ ಪತ್ರದ ಕಾಪಿ ತಂದಿದ್ರು, ಪತ್ರ ತಲುಪಿದೆ ಅನ್ನೋ ಇನ್‌ವರ್ಡ್ ಸೀಲ್ ಬಿದ್ದಿತ್ತು. ಉತ್ತರ ಇನ್ನೂ ಬಂದಿಲ್ಲ. ನಿದ್ದೆ ಸ್ವಲ್ಪ ಬರ್ತಿದೆ ಅಂದ್ರು.