ಬಣ್ಣ ಹಾಕಿದ ಮೀನು, ಕೋಳಿಮರಿಗಳನ್ನು ಸಾಕಲು ಕೊಳ್ಳುವುದು ಸರಿಯೇ?

ನನ್ನ ಪ್ರಕಾರ ಸರಿಯಲ್ಲ. ಗ್ಲಾಸ್‌ಫಿಶ್ ಎಂಬ ಪುಟ್ಟ ಮೀನನ್ನೇ ನೋಡಿ. ಅದರ ಮೈ ಗಾಜಿನ ಹಾಗೆ, ಒಳಗಿನ ಮುಳ್ಳುಗಳೂ ಕಾಣುತ್ತವೆ. ಇಷ್ಟು ಚೆಂದ ಸಾಲದು ಅಂತ ಮೈಗೆ ಸೂಜಿ ಚುಚ್ಚಿ ಗುಲಾಬಿ, ಹಸಿರು ಬಣ್ಣ ತುಂಬುತ್ತಾರೆ. ಅದೂ ಒಂದು ಕಡೆಯಲ್ಲ, ಹಲವು ಕಡೆ. ಎರಡು ಮೂರು ಇಂಚಿನ ಮೀನಿಗೆ ಆ ಸೂಜಿ ಎಷ್ಟು ದಪ್ಪ, ಯೋಚಿಸಿ! ಗಾಯಕ್ಕೆ ಸೋಂಕು ತಗಲಬಹುದು, ಅದೇ ಸೂಜಿಯಿಂದ ಬೇರೆ ಮೀನಿಗೂ ರೋಗ ಹರಡಬಹುದು. ಬದುಕಿ ಉಳಿದರೂ ಕೆಲವು ತಿಂಗಳಲ್ಲಿ ಬಣ್ಣ ಮಾಸುತ್ತದೆ.

ಕೋಳಿಮರಿಗಳದ್ದು ಸ್ವಲ್ಪ ಬೇರೆ. ಬಣ್ಣವನ್ನು ಮೊಟ್ಟೆಯೊಳಗೇ ಚುಚ್ಚುತ್ತಾರೆ, ಇಲ್ಲವೇ ಮರಿಯ ಮೈಮೇಲೆ ಸಿಂಪಡಿಸುತ್ತಾರೆ. ವಿಷವಲ್ಲದ ಬಣ್ಣವಾದರೆ ನೋವು ಕಡಿಮೆ ಇರಬಹುದು. ಆದರೆ ಕೆಲವೇ ವಾರಗಳಲ್ಲಿ ಹೊಸ ಗರಿ ಮೂಡಿ ಬಣ್ಣ ಹೋಗುತ್ತದೆ. ಆಟಿಕೆ ಅಂತ ತಂದವರಿಗೆ ಆಗ ಮರಿಯೇ ಬೇಡವಾಗುತ್ತದೆ. ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೇ.

ಗ್ಲೋಫಿಶ್ ಎಂಬ ಹೊಳೆಯುವ ಬಣ್ಣದ ಮೀನು ಈ ಸಾಲಿಗೆ ಸೇರುವುದಿಲ್ಲ. 2003ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಮೀನಿಗೆ ಬಣ್ಣ ಬರುವುದು ಪ್ರಯೋಗಾಲಯದಲ್ಲಿ ಸೇರಿಸಿದ ಬೇರೆ ಜೀವಿಯ ಜೀನ್‌ನಿಂದ, ಅದು ಮರಿಗಳಿಗೂ ಇಳಿಯುತ್ತದೆ. ಅದರ ಸರಿ-ತಪ್ಪಿನ ಚರ್ಚೆಯೇ ಬೇರೆ.

ಕೊಳ್ಳುವ ಮುಂಚೆ "ಈ ಬಣ್ಣ ಹುಟ್ಟಿನಿಂದ ಬಂದದ್ದಾ?" ಅಂತ ಕೇಳಿ. ಮಾರುವವರು ತಡವರಿಸಿದರೆ ಸುಮ್ನೆ ವಾಪಸ್ ಬನ್ನಿ.